ಸಾಕುಮನೆಯ ನಿಯಮಗಳು

ಗೊಯಾಸ್ ಪಟ್ಟಣ
ಭಾನುವಾರ, ೨೩ ಜೂನ್ ೨೦೧೯

ಪ್ರೀತಿಯ ದಿವೀನಾ,

ಇದನ್ನು ಬರೆಯುತ್ತಿರುವವಳು ರೋಸಾರಿಯೋ ಬೀದಿಯ ಎರ್ಸೀಲಿಯಾ ಪಿಮೆಂತಾ. ಜಮೀನುದಾರ ಅತೀಲಿಯೋ ಪಿಮೆಂತಾರ ವಿಧವೆ, ಮೂವರು ಮಕ್ಕಳ ತಾಯಿ, ಈ ಊರಿನ ಹೆಣ್ಣುಮಕ್ಕಳಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹತ್ತು ಹನ್ನೆರಡು ಜನರಲ್ಲಿ ಒಬ್ಬಳು, ಇಗರ್ಜಿಯ ಎರಡನೆಯ ಸಾಲಿನ ಬೆಂಚಿನ ಮೇಲೆ ಕೇಳದೆಯೇ ಎಲ್ಲರೂ ಜಾಗ ಬಿಟ್ಟುಕೊಡುವ ಹೆಂಗಸು, ಮತ್ತು ನಿನ್ನನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡ ಜ್ಞಾನತಾಯಿ. ಈ ಕೊನೆಯದನ್ನು ಮೊದಲು ಬರೆಯಬೇಕಿತ್ತು. ಎಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಪೆನ್ನು ತನ್ನ ಹಳೆಯ ಕ್ರಮದಲ್ಲೇ ಹೋಯಿತು. ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ, ನೀನೂ ನೋಡಲೆಂದು.

ನಿನ್ನ ಮೈ ಹೇಗಿದೆ? ಬೇಕರಿಯ ಒಲೆಯ ಕಾವಿಗೂ ಹೊರಗಿನ ಚಳಿಗೂ ಓಡಾಡಿ ಉಬ್ಬಸ ಹೆಚ್ಚಾಗಿಲ್ಲ ತಾನೇ? ಜೂನ್ ತಿಂಗಳ ಒಣಗಾಳಿ ನೀನು ಈಗಿರುವ ಅನಾಪೊಲಿಸ್‌ನಲ್ಲಿ ಇಲ್ಲಿಗಿಂತ ಚೂಪು ಎನ್ನುತ್ತಾರೆ. ಮಲಗುವ ಮುಂಚೆ ತಲೆದೆಸೆಯಲ್ಲಿ ಒಂದು ಒದ್ದೆ ಬಟ್ಟೆ ತೂಗುಹಾಕು. ಇಲ್ಲಿದ್ದಾಗ ಪ್ರತಿ ವರ್ಷ ನಮ್ಮೆಲ್ಲರ ಕೋಣೆಗೂ ತೂಗುಹಾಕುತ್ತಿದ್ದವಳು ನೀನೇ. ಅಡುಗೆಮನೆಯ ಹಿಂದಿನ ನಿನ್ನ ಕೋಣೆಗೆ ಕಿಟಕಿಯೇ ಇಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ನೀನು ಹೋದ ಮೇಲೆ, ಅಲ್ಲಿ ಇಸ್ತ್ರಿ ಹಲಗೆ ಹುಡುಕಲು ಹೋದಾಗ. ನನಗೇನೂ ಆಗಿಲ್ಲ. ಮೊಣಕಾಲು ಹಳೆಯದಾಗಿದೆ, ಬುದ್ಧಿ ನೆಟ್ಟಗಿದೆ. ಅಡುಗೆಗೆ ವಾರಕ್ಕೆ ಮೂರು ದಿನ ಒಬ್ಬಳು ಬರುತ್ತಾಳೆ. ಅನ್ನವನ್ನು ಅಂಟು ಮಾಡಿಡುತ್ತಾಳೆ, ಕಾಳಿಗೆ ಬೆಳ್ಳುಳ್ಳಿ ಸುರಿಯುತ್ತಾಳೆ, ಐದು ಗಂಟೆ ಹೊಡೆಯುತ್ತಲೇ ಚೀಲವನ್ನು ಹೆಗಲಿಗೆ ಹಾಕಿಕೊಂಡು ತನ್ನ ಮನೆಗೆ ಹೋಗುತ್ತಾಳೆ. ಕೆಲಸ ಮುಗಿಸಿ ತನ್ನ ಮನೆಗೆ ಹೋಗುವ ಹೆಂಗಸನ್ನು ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನಾನು ನೋಡುತ್ತಿರುವುದು ಇದೇ ಮೊದಲು.

ನಿನ್ನ ವಿಳಾಸ ಕೊಟ್ಟವಳು ಹಿಲ್ಲಾ. ಅವಳನ್ನು ಬಯ್ಯಬೇಡ. ಇಬ್ಬರೂ ಫೋನಿನಲ್ಲಿ ಮಾತಾಡಿಕೊಳ್ಳುತ್ತೀರಿ ಎಂದು ನನಗೆ ಗೊತ್ತಿತ್ತು. ಮೂರು ತಿಂಗಳು ಅವಳು ಬಾಯಿ ಬಿಡಲಿಲ್ಲ. ಕೇಳಿದಾಗಲೆಲ್ಲ ನನ್ನ ಮುಖವನ್ನೇ ನೋಡಿ, 'ನೀನು ಯಾಕೆ ಕೇಳ್ತೀಯ ಅಂತ ಮೊದ್ಲು ಹೇಳು' ಎನ್ನುತ್ತಿದ್ದಳು. ಹೌದು, ಈಗಲೂ ಎಲ್ಲರಿಗೂ 'ನೀನು' ಎಂದೇ. ಈಸ್ಟರ್ ದಿನ ಪಾದ್ರಿಗಳನ್ನು 'ನೀನು ಊಟ ಮಾಡಿದ್ಯಾ ಮಗಾ?' ಎಂದು ವಿಚಾರಿಸಿದಳು. ಪಾದ್ರಿಗಳು ನಕ್ಕರು, ನಾನು ನಗಲಿಲ್ಲ. ಫಿನ್ಲೆಂಡಿನಿಂದ ಬಂದ ಹುಡುಗಿ ನಮ್ಮ ಭಾಷೆಯನ್ನು ನನ್ನಿಂದ ಕಲಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಲಿತದ್ದೆಲ್ಲ ನಿನ್ನ ಒಲೆಯ ಬಳಿ, ನಿನ್ನ ಹಳ್ಳಿಯ ಮಾತು. ಪೆಕಿ ಹಣ್ಣನ್ನು ಕಚ್ಚಬಾರದು, ಒಳಗೆ ಮುಳ್ಳಿರುತ್ತದೆ, ಹಲ್ಲಿನಿಂದ ಮೆಲ್ಲಗೆ ಕೆರೆಯಬೇಕು ಎಂದು ನೀನು ಅವಳ ಗಲ್ಲ ಹಿಡಿದು ಕಲಿಸಿದ್ದೆಯಲ್ಲ, ಈಗ ಶೀಸೆಯಲ್ಲಿ ಉಳಿದದ್ದನ್ನೆಲ್ಲ ಅವಳೇ ಮುಗಿಸಿದ್ದಾಳೆ. ಜುಲೈ ಹದಿನಾಲ್ಕಕ್ಕೆ ಊರಿಗೆ ಹೊರಡುತ್ತಾಳೆ.

ನಿನ್ನನ್ನು ಮರಳಿ ಬಾ ಎಂದು ಕರೆಯಲು ಈ ಕಾಗದ ಬರೆಯುತ್ತಿಲ್ಲ, ದಿವೀನಾ. ನೀನು ಹೋಗುವ ಹಿಂದಿನ ದಿನ ನನ್ನನ್ನು ಒಂದು ಪ್ರಶ್ನೆ ಕೇಳಿದೆ. ನಾನು ಸುಳ್ಳು ಹೇಳಿದೆ. ನಿಜ ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗುವ ಧೈರ್ಯ ನನಗಿಲ್ಲ. ಜೋಳದ ದಿನದಿಂದ ಹೊರಟರೆ ಬಹುಶಃ ತಲುಪುತ್ತೇನೆ.

ಫೆಬ್ರವರಿ ಹದಿನಾರು, ಶನಿವಾರ. ವಿದ್ಯಾರ್ಥಿ ವಿನಿಮಯ ಸಂಘದವರು ಪ್ರತಿ ವರ್ಷ ಬೇರೆ ದೇಶದ ಮಕ್ಕಳನ್ನು ಕರೆತಂದು ನಮ್ಮೂರ ಮನೆಗಳಲ್ಲಿ ಇಡುತ್ತಾರೆ. ಆ ಮಕ್ಕಳಿಗೆ ಬ್ರೆಜಿಲಿನ ಸಂಸಾರ ಹೇಗಿರುತ್ತದೆ ಎಂದು ತೋರಿಸುವ ದಿನ ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲೇ. ಅದು ನನ್ನ ಹೆಮ್ಮೆ, ನಿನಗೆ ಗೊತ್ತು. ಆರು ಮಕ್ಕಳು ಹಿತ್ತಲಿನ ಮಾವಿನ ಮರದ ಕೆಳಗೆ ಸಾಲಾಗಿ ಕೂತಿದ್ದರು. ಬೆಳಕು ಹರಿಯುವ ಮುಂಚೆಯೇ ನೀನು ನಾಲ್ಕು ಮೂಟೆ ಎಳೆ ಮುಸುಕಿನ ಜೋಳ ಸುಲಿದು, ಸಿಪ್ಪೆಯನ್ನು ಅಗಲದ ಪ್ರಕಾರ ಜೋಡಿಸಿಟ್ಟಿದ್ದೆ. ಮಕ್ಕಳ ಪಾಲಿಗೆ ಉಳಿದದ್ದು ತುರಿಯುವ ಆಟ ಮಾತ್ರ. ಜರ್ಮನಿಯ ಹುಡುಗ ಎರಡನೆಯ ತೆನೆಗೇ ಬೆರಳ ಗೆಣ್ಣು ತುರಿದುಕೊಂಡು ನಿನ್ನ ಹತ್ತಿರ ಓಡಿದ. ನೀನು ಗಾಯಕ್ಕೆ ಕಾಫಿಪುಡಿ ಮೆತ್ತಿ, 'ಇನ್ನು ನೀನು ನಮ್ಮೋನಾದೆ ಬಿಡು, ನಮ್ಮ ಜೋಳಕ್ಕೆ ನಿನ್ನ ರಕ್ತ ಬಿತ್ತು' ಎಂದೆ. ಅವನಿಗೆ ಅರ್ಥವಾಗದಿದ್ದರೂ ನಕ್ಕ.

ನಾನು ಕುರ್ಚಿಯಲ್ಲಿ ಕೂತು ಪಾಠ ಹೇಳುತ್ತಿದ್ದೆ. ಮನೆಗೆ ಬಂದವರ ಕೆನ್ನೆಗೆ ಮುತ್ತಿಡಬೇಕು, ಕೋಲಿನ ಹಾಗೆ ನಿಂತು ಕೈ ಚಾಚಬಾರದು. ದಿನಕ್ಕೆ ಎರಡು ಸಲ ಸ್ನಾನ, ಚಳಿ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಕಾಫಿ ಕೊಟ್ಟರೆ ಬೇಡ ಅನ್ನಬಾರದು, ಒಂದು ಗುಟುಕಾದರೂ ಕುಡಿಯಬೇಕು. ದೊಡ್ಡವರ ಹರಕೆ ಕೇಳದೆ ಹೊಸ್ತಿಲು ದಾಟಬಾರದು. ಕೊನೆಗೆ ಪ್ರತಿ ವರ್ಷ ಹೇಳುವ ಮಾತಿಗೆ ಬಂದೆ: 'ನಮ್ಮಲ್ಲಿ ಬಾಗಿಲಿಗೆ ಬಂದವರನ್ನ ಎಣಿಸೋದಿಲ್ಲ. ಕಾಳಿನ ಸಾರಿಗೆ ಇನ್ನೊಂದು ಲೋಟ ನೀರು ಹಾಕ್ತೀವಿ, ಅಷ್ಟೇ.' ಆಗ ನೀನು ಪಾತ್ರೆ ಹೊತ್ತು ಹೋಗುತ್ತಿದ್ದೆ. ನಿನ್ನ ಹೆಗಲು ಹಿಡಿದು ನಿಲ್ಲಿಸಿದೆ. 'ಇವಳನ್ನೇ ನೋಡಿ. ಏಳು ವರ್ಷದವಳು ಬಂದಳು. ಇವಳು ನಮ್ಮ ಮನೆಯವಳ ಹಾಗೇನೇ.' ಹನ್ನೊಂದು ವರ್ಷ ಅದೇ ಮಾತು, ಅದೇ ಹೆಗಲು. ನಿನ್ನ ಕೈಯಲ್ಲಿ ಕುದಿಯುವ ನೀರಿನ ಪಾತ್ರೆ ಇತ್ತು, ನನ್ನ ಮಾತು ಮುಗಿಯುವವರೆಗೂ ನೀನು ಅದನ್ನು ಹಿಡಿದು ನಿಂತಿದ್ದೆ. ಇದೂ ನನಗೆ ಈಗ ಕಾಣುತ್ತಿದೆ.

ನಮ್ಮ ಮನೆಯ ಪದ್ಧತಿ ನಿನಗೆ ಹೇಳಬೇಕಾಗಿಲ್ಲ. ತುರಿದ ಜೋಳವನ್ನು ಸಿಪ್ಪೆಯಲ್ಲಿ ಕಟ್ಟಿ ಬೇಯಿಸುವ ಕಡುಬಿನ ಕೊನೆಯ ಕಂತು ಮನೆಯವರ ಹೆಸರಿನದು. ಒಬ್ಬೊಬ್ಬರಿಗೆ ಒಂದೊಂದು, ಅವರವರ ರುಚಿಗೆ. ಸಿಪ್ಪೆಯ ಎಳೆಯಿಂದ ಬೇರೆ ಬೇರೆ ಗಂಟು ಹಾಕಿ ಗುರುತು ಮಾಡುವುದು ನಮ್ಮ ಅತ್ತೆಯವರ ಕಾಲದಿಂದ ಬಂದದ್ದು. ನನ್ನದು ಗಿಣ್ಣು ಹಾಕಿದ ಖಾರದ್ದು, ಮಗ ಎವಾಂದ್ರೋನದು ಸಿಹಿ. ತೀರಿಹೋದ ಅತೀಲಿಯೋ ಹೆಸರಿನಲ್ಲೂ ಒಂದು ಕಟ್ಟಿ, ಮೊದಲು ಬಾಗಿಲಿಗೆ ಬಂದ ಬಡವರಿಗೆ ಕೊಡುತ್ತೇವೆ. ಈ ವರ್ಷ ಹಿಲ್ಲಾ ನಮ್ಮ ಮನೆಯಲ್ಲಿ ಇರುವವಳೆಂದು ಅವಳಿಗೂ ಒಂದು ಗಂಟು ಹಾಕಿಸಿದೆ. ಅವಳು ಸಂತೋಷಪಟ್ಟು, ಬುಟ್ಟಿಯ ಮುಂದೆ ಮಂಡಿಯೂರಿ ಎಲ್ಲವನ್ನೂ ಒಂದೊಂದಾಗಿ ಎತ್ತಿ, ಇದು ಯಾರದು, ಇದು ಯಾರದು ಎಂದು ಕೇಳಿ ತಿಳಿದುಕೊಂಡಳು. ಆಮೇಲೆ ಎಲ್ಲರ ಮುಂದೆ, ಮಾತು ಮಾತಿಗೂ ತಡವರಿಸುತ್ತ, ನನ್ನನ್ನು ಕೇಳಿದಳು: 'ಸತ್ತವರಿಗೆ ಇದೆ. ನಾನು ಬಂದು ಮೂರು ವಾರ, ನನಗೆ ಇದೆ. ದಿವೀನಾದು ಎಲ್ಲಿ?'

ಉತ್ತರ ಕೊಟ್ಟವಳು ನೀನು. ಒಲೆಯ ಬಳಿಯಿಂದ ತಿರುಗದೆಯೇ, 'ನಂಗೆ ಪಾತ್ರೆ ತಳದ್ದು ಐತಲ್ಲ ಮಗಾ, ಅದರ ರುಚಿ ಇವರಿಗೆಲ್ಲಿ ಗೊತ್ತು' ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಮಾನ ಉಳಿಯಿತು ಎಂದುಕೊಂಡೆ. ಈ ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ನೀನು ಹಾಗೆ ಒಲೆಯ ಕಡೆ ಮುಖ ಮಾಡಿಕೊಂಡು ನನ್ನ ಮಾನ ಉಳಿಸಿದ್ದೀಯೋ ಲೆಕ್ಕವಿಲ್ಲ. ಹಿಲ್ಲಾ ಮಾತ್ರ ನಗಲಿಲ್ಲ. ಅವಳು ತನ್ನ ಕಡುಬನ್ನು ಬಿಚ್ಚದೆ ನಿನ್ನ ತಟ್ಟೆಯಲ್ಲಿ ಇಟ್ಟು ಬಂದಳು. ಅದು ದೊಡ್ಡವರ ಮುಂದೆ ತೋರಿದ ಉದ್ಧಟತನ ಎಂದು ನನಗೆ ಸಿಟ್ಟು ಬಂದಿತ್ತು.

ಎರಡು ದಿನ ಕಳೆದ ಮೇಲೆ ಅವಳು ನಿಘಂಟು ಹಿಡಿದುಕೊಂಡು ಬೆಳಗಿನ ಕಾಫಿಗೆ ಬಂದಳು. ಜೊತೆಗೆ ಸಂಘದ ನಿಯಮದ ಹಾಳೆ. ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರು ಸಹಿ ಮಾಡುವ ಹಾಳೆ ಅದು, ಏಳು ನಿಯಮ. ನನ್ನ ಕೈಬರಹದ ಸಹಿ ಕೆಳಗಿದೆ, ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಓದದೆ ಮಾಡುತ್ತಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವವಳಲ್ಲ ನಾನು, ಓದಿಯೇ ಮಾಡುತ್ತಿದ್ದೆ. ಮಗುವಿಗೆ ಬೆಳಕಿರುವ ಕೋಣೆ ಕೊಡಬೇಕು. ಮನೆಯವರ ಜೊತೆ ಒಂದೇ ಮೇಜಿನಲ್ಲಿ ಊಟ. ಮನೆಯ ಮಕ್ಕಳು ಮಾಡುವಷ್ಟೇ ಕೆಲಸ, ಹೆಚ್ಚಿಲ್ಲ. ಶಾಲೆ ತಪ್ಪಿಸಬಾರದು. ಹೆತ್ತವರ ಜೊತೆ ಮಾತಿಗೆ ಅಡ್ಡ ಬರಬಾರದು. ಒಂದನ್ನು ಬಿಟ್ಟಿದ್ದೇನೆ, ಅದು ಕಾಯಿಲೆಯ ವಿಚಾರ. ಏಳನೆಯದು: ಗೊತ್ತುಮಾಡಿದ ದಿನ ಮಗುವನ್ನು ಹೆತ್ತವರ ಬಳಿಗೆ ಕಳುಹಿಸಬೇಕು. ಹಿಲ್ಲಾ ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು. 'ದಿವೀನಾ ಬಂದಾಗ ಈ ಹಾಳೆ ಇರಲಿಲ್ವಾ?' ಎಂದಳು.

ನಾನು ಹೇಳಿದ್ದು ನೀನು ಕೇಳಿಸಿಕೊಂಡೆ. ಇಸ್ತ್ರಿ ಮಾಡಿದ ಬಟ್ಟೆಯ ಬುಟ್ಟಿಯೊಂದಿಗೆ ಬಾಗಿಲಲ್ಲೇ ಇದ್ದೆ. 'ದಿವೀನಾ ವಿದ್ಯಾರ್ಥಿನಿ ಅಲ್ಲ. ಅವಳನ್ನ ಅವರಮ್ಮ ಬಿಟ್ಟುಹೋದಳು, ತಿರುಗಿ ನೋಡಲಿಲ್ಲ. ನಾವು ಇಟ್ಕೊಂಡ್ವಿ' ಎಂದೆ ನಾನು. ನೀನು ಬುಟ್ಟಿಯನ್ನು ಕೆಳಗಿಟ್ಟು, ಮೇಲಿದ್ದ ಅಂಗಿಯ ಕಾಲರನ್ನು ಸರಿಪಡಿಸಿ ಹೋದೆ.

ಆಮೇಲಿನ ಭಾನುವಾರಗಳು ನಿನಗೆ ನೆನಪಿರಬೇಕು. ಹಿಲ್ಲಾಳ ತಾಯಿ ಫೋನಿನ ಪರದೆಯ ಮೇಲೆ ಬರುತ್ತಿದ್ದಳು, ಹಿಲ್ಲಾ ನಿನ್ನನ್ನೂ ಎಳೆದು ಕೂರಿಸಿಕೊಳ್ಳುತ್ತಿದ್ದಳು. ಆ ತಾಯಿಗೂ ನಿನಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅವಳು ಹೊಲಿದ ಕೈಚೀಲ ತೋರಿಸುವುದು, ನೀನು ಬಾಳೆಗೊನೆ ತೋರಿಸುವುದು. ನಾನು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದೆ. ಕಾರ್ನಿವಲ್ ಮಂಗಳವಾರ ಬೀದಿಯಲ್ಲಿ ವಾದ್ಯದವರು ಹೋಗುತ್ತಿದ್ದರು, ನೀನು ನೋಡಲು ಹೋಗಲಿಲ್ಲ. ನಾನು ಗಾಜಿನ ಬೀರುವಿನ ಲೋಟಗಳನ್ನು ಒರೆಸುತ್ತಿದ್ದಾಗ ನೀನು ಬಂದು ನಿಂತೆ. 'ಅಮ್ಮಾವ್ರೆ, ನಮ್ಮವ್ವ ಒಂದು ಸಲಾನಾದ್ರೂ ಬಂದಿದ್ಲಾ?' ಎಂದೆ. ಮೂವತ್ತೊಂದು ವರ್ಷದಲ್ಲಿ ನೀನು ನನ್ನಲ್ಲಿ ಕೇಳಿದ ಒಂದೇ ಒಂದು ಸಂಗತಿ ಅದು. ನಾನು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ, 'ಇಲ್ಲ' ಎಂದೆ.

ಮಾರನೆಯ ದಿನ ಬೂದಿ ಬುಧವಾರ. ಪೂಜೆಯಿಂದ ಬಂದ ನೀನು, ಹಣೆಯ ಮೇಲಿನ ಬೂದಿ ಹಾಗೆಯೇ ಇತ್ತು, ಅಡುಗೆಮನೆಯ ಕೀಲಿಯನ್ನು ಮೇಜಿನ ಮೇಲಿಟ್ಟು 'ಹರಸಿ, ಅಮ್ಮಾವ್ರೆ' ಎಂದೆ. ನನ್ನ ಮಕ್ಕಳು 'ಹರಸಮ್ಮಾ' ಎನ್ನುತ್ತಾರೆ, ನೀನು ಯಾವತ್ತೂ 'ಅಮ್ಮಾವ್ರೆ' ಎಂದೇ. ತರಕಾರಿಗೆ ಹೋಗುತ್ತಿದ್ದೀಯೆ ಎಂದುಕೊಂಡು ತಲೆಯೆತ್ತದೆಯೇ ಹರಸಿದೆ. ಕಾಫಿಯ ಹೊತ್ತಾದಾಗಲೇ ನೀನು ಹೋದದ್ದು ತಿಳಿದದ್ದು. ಎವಾಂದ್ರೋ ಗೊಯಾನಿಯಾದಿಂದ ಫೋನು ಮಾಡಿ, 'ಹೋಗ್ಲಿ ಬಿಡಮ್ಮಾ, ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಇದೇ ಬಹುಮಾನ' ಎಂದ. ಒಂದು ತಿಂಗಳು ನಾನೂ ಅದನ್ನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪಕ್ಕದ ಮನೆಯವಳು ಕನಿಕರದಿಂದ ತಲೆಯಾಡಿಸುತ್ತಿದ್ದಳು. ಅವಳ ಮನೆಯಲ್ಲೂ ಹಿಂದೆ ಒಬ್ಬಳಿದ್ದಳು, ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಒಬ್ಬೊಬ್ಬಳಿದ್ದಳು. ಹಳ್ಳಿಯಿಂದ ಬಂದ ಹುಡುಗಿ, ಎಲ್ಲರೂ ಅವಳನ್ನು ಸಾಕುಮಗಳು ಎನ್ನುತ್ತಿದ್ದೆವು. ಆ ಮಾತಿನಲ್ಲಿ ನಮಗೆ ಯಾರಿಗೂ ಕೊರತೆ ಕಾಣುತ್ತಿರಲಿಲ್ಲ.

ಈಗ ಬರೆಯುತ್ತೇನೆ. ನಿನ್ನ ತಾಯಿ ಬಂದಿದ್ದಳು.

ನಿನ್ನನ್ನು ಅವಳು ಬಿಟ್ಟುಹೋದದ್ದಲ್ಲ, ಇಟ್ಟುಹೋದದ್ದು. ನಿನ್ನ ತಂದೆ ನಮ್ಮ ತೋಟದ ಟ್ರ್ಯಾಕ್ಟರಿನ ಕೆಳಗೆ ಸಿಕ್ಕಿ ಸತ್ತ ವರ್ಷ ಅದು. ಐದು ಮಕ್ಕಳಲ್ಲಿ ನೀನು ಕೊನೆಯವಳು. ನಿನ್ನ ತಾಯಿ ಜೊವೀತಾ ನಿನ್ನ ಕೈ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ನಾನು ನಿನ್ನ ಜ್ಞಾನತಾಯಿ, ಹಾಗಾಗಿ ಅವಳೂ ನಾನೂ ಒಬ್ಬರಿಗೊಬ್ಬರು ಕೊಮಾದ್ರೆ, ಒಂದೇ ಮಗುವಿನ ಇಬ್ಬರು ತಾಯಂದಿರು. ಆ ನಂಟಿನ ನಡುವೆ ಕಾಗದ ಪತ್ರ ಇರುವುದಿಲ್ಲ, ಬಾಯಿಮಾತೇ ಸಾಕು. ಅವಳು ಹೇಳಿದ್ದು ಇಷ್ಟು: 'ನಾಲ್ಕನೇ ಕ್ಲಾಸು ಮುಗೀಲಿ ಕೊಮಾದ್ರೆ, ಬಂದು ಕರ್ಕೊಂಡೋಗ್ತೀನಿ. ಅಲ್ಲೀಗಂಟ ನಿಮ್ಮ ಮಗಳು.' ನಾನು ಸರಿ ಎಂದೆ. ದಿನ ಗೊತ್ತುಮಾಡಿದ್ದೆವು, ದಿವೀನಾ. ಏಳನೆಯ ನಿಯಮ ಆಗಲೂ ಇತ್ತು.

ಅವಳು ಹೇಳಿದಂತೆಯೇ ಬಂದಳು. ತೊಂಬತ್ತೆರಡರ ಡಿಸೆಂಬರ್, ಶಾಲೆ ಮುಗಿದ ವಾರ. ಒಂದು ಕೋಳಿ ತಂದಿದ್ದಳು, ಒಂದು ನೀಲಿ ಲಂಗ ತಂದಿದ್ದಳು. ನಿನ್ನ ಅಳತೆ ಗೊತ್ತಿಲ್ಲದೆ ನೆರೆಮನೆಯ ನಿನ್ನ ವಾರಿಗೆಯ ಹುಡುಗಿಯ ಮೈಗೆ ಹಿಡಿದು ಹೊಲಿದೆ ಎಂದಳು. ನಿನ್ನನ್ನು ನಾನು ಸಿಹಿಯ ತಟ್ಟೆ ಕೊಟ್ಟು ಬಾ ಎಂದು ಸೇತುವೆಯಾಚೆ ಕಳುಹಿಸಿದ್ದೆ. ನೀನು ಮರಳಲು ಇನ್ನೂ ಅರ್ಧ ಗಂಟೆ ಇತ್ತು. ಆ ಆಗಸ್ಟಿನಲ್ಲಿ ಅತೀಲಿಯೋಗೆ ಲಕ್ವ ಹೊಡೆದಿತ್ತು. ಅವರನ್ನು ಮಗ್ಗುಲು ತಿರುಗಿಸುವುದಕ್ಕೆ ನನಗೆ ನಿನ್ನ ಕೈ ಬೇಕಿತ್ತು, ಗಂಜಿ ಕುಡಿಸುವುದಕ್ಕೆ ನಿನ್ನ ತಾಳ್ಮೆ ಬೇಕಿತ್ತು. ನನ್ನ ಮಕ್ಕಳು ಆ ಕೋಣೆಗೆ ಹೋಗಲು ಹೇಸುತ್ತಿದ್ದರು. ಇದನ್ನು ನೆಪವಾಗಿ ಬರೆಯುತ್ತಿಲ್ಲ, ನಡೆದದ್ದು ಎಂದು ಬರೆಯುತ್ತಿದ್ದೇನೆ. ನಾನು ಅವಳಿಗೆ ಹೇಳಿದೆ: 'ಅವಳಿಗೆ ಬರೋ ಮನಸ್ಸಿಲ್ಲ ಜೊವೀತಾ. ಹಳ್ಳಿ ಅಂದ್ರೆ ಅಳ್ತಾಳೆ. ನಿನ್ನ ಮುಖ ನೋಡಿದ್ರೆ ಇನ್ನೂ ಅಳ್ತಾಳೆ.' ಅವಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು, ಕಾಫಿ ಲೋಟ ಕೈಯಲ್ಲೇ ಇತ್ತು. 'ಅವಳೇ ಹಂಗಂದ್ಲಾ?' ಎಂದು ಕೇಳಿದಳು. 'ಅವಳೇ' ಎಂದೆ. ಅವಳು ಕಾಫಿಯನ್ನು ಪೂರ್ತಿ ಕುಡಿದಳು, ಬಿಟ್ಟರೆ ನನಗೆ ಅವಮಾನ ಎಂದು. ಲೋಟ ತೊಳೆದು ಬೋರಲು ಹಾಕಿದಳು. 'ಚೆನ್ನಾಗವ್ಳಲ್ಲ, ಬಿಡಿ' ಎಂದು ತಲೆವಸ್ತ್ರ ಕಟ್ಟಿಕೊಂಡು ಹನ್ನೊಂದರ ಬಸ್ಸಿಗೆ ಹೋದಳು. ನೀನು ಬಂದಾಗ ಬಸ್ಸಿನ ಧೂಳು ಇನ್ನೂ ಬೀದಿಯಲ್ಲಿತ್ತು.

ಆ ಕೋಳಿಯನ್ನು ಭಾನುವಾರ ಸಾರು ಮಾಡಿದವಳು ನೀನೇ. ಎಲ್ಲಿಂದ ಬಂತು ಎಂದು ನೀನು ಕೇಳಿದೆ, ಮಾರುಕಟ್ಟೆಯಿಂದ ಎಂದು ನಾನು ಹೇಳಿದೆ. ಲಂಗವನ್ನು ನೀನು ಮಲಗಿದ್ದಾಗ ನಿನ್ನ ಮೈಗೆ ಹಿಡಿದು ನೋಡಿದೆ, ಸರಿಯಾಗಿ ಆಗುತ್ತಿತ್ತು. ಮುಂದಿನ ವಾರ ಇಗರ್ಜಿಯ ಹಳೆಬಟ್ಟೆಯ ಪೆಟ್ಟಿಗೆಗೆ ಹಾಕಿದೆ. ಅವಳು ಮತ್ತೆ ಬರಲಿಲ್ಲ. ಯಾಕೆ ಬರುತ್ತಾಳೆ? ತನ್ನ ಮಗಳೇ ಬೇಡ ಎಂದಿದ್ದಾಳೆ ಎಂದು ನಂಬಿ ಅವಳು ಅಲ್ಲಿ, ತನ್ನ ತಾಯಿಯೇ ಬಿಟ್ಟಳು ಎಂದು ನಂಬಿ ನೀನು ಇಲ್ಲಿ. ನಡುವೆ ನಾನು ಪಾಠ ಹೇಳುತ್ತ ಕೂತಿದ್ದೆ.

ಇಷ್ಟು ವರ್ಷ ಮುಚ್ಚಿಟ್ಟವಳು ಈಗೇಕೆ ಬಾಯಿಬಿಟ್ಟಳು ಎಂದು ನೀನು ಕೇಳಬಹುದು. ಈ ತಿಂಗಳ ಮೊದಲಲ್ಲಿ ಹಿಲ್ಲಾಳ ತಾಯಿ ನನಗೆ ಒಂದು ಕಾಗದ ಬರೆದಳು, ಯಾರ ಕೈಯಲ್ಲೋ ನಮ್ಮ ಭಾಷೆಗೆ ಮಾಡಿಸಿ. ಮಗಳನ್ನು ನೋಡಿಕೊಂಡದ್ದಕ್ಕೆ ಉಪಕಾರ ಸ್ಮರಿಸಿದ್ದಳು. ಕೊನೆಯಲ್ಲಿ, ವಿಮಾನ ಬರುವುದು ಮಧ್ಯಾಹ್ನವಾದರೂ ತಾನು ಬೆಳಿಗ್ಗೆಯಿಂದಲೇ ಅಲ್ಲಿ ನಿಂತಿರುತ್ತೇನೆ, ಮನೆಯಲ್ಲಿ ಕೂರಲು ಆಗುವುದಿಲ್ಲ ಎಂದಿದ್ದಳು. ಓದಿ ಮಡಿಸಿಟ್ಟೆ. ಮಡಿಸಿಟ್ಟದ್ದನ್ನು ಮತ್ತೆ ತೆಗೆದೆ. ಹಿಲ್ಲಾ ಎದುರಿಗೆ ಕೂತು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಳು. ಅವಳು ಐದು ತಿಂಗಳಿಗೆ ಹೋದ ಮಗಳು. ಜೊವೀತಾ ನಾಲ್ಕು ವರ್ಷ ಎಣಿಸಿಕೊಂಡು ಬಂದಿದ್ದಳು, ನಾನು ಅರ್ಧ ಗಂಟೆ ಕಾಯಲು ಬಿಡಲಿಲ್ಲ. ಎಲ್ಲವನ್ನೂ ಆ ಹುಡುಗಿಗೆ ಹೇಳಿದೆ. ನನ್ನ ಮಕ್ಕಳಿಗೆ ಹೇಳದ್ದನ್ನು, ಪಾದ್ರಿಗಳ ಕಿವಿಗೂ ಹಾಕದ್ದನ್ನು. ಅವಳು ಅಳಲೂ ಇಲ್ಲ, ಬಯ್ಯಲೂ ಇಲ್ಲ. ನಿಯಮದ ಹಾಳೆಯ ಹಿಂಬದಿಯಲ್ಲಿ ನಿನ್ನ ವಿಳಾಸ ಬರೆದು ನನ್ನ ಮುಂದೆ ಇಟ್ಟಳು. 'ಈಗ ಕೇಳಬಹುದು ನೀನು' ಎಂದಳು.

ಕ್ಷಮೆ ಕೇಳುವುದನ್ನು ನನಗೆ ಯಾರೂ ಕಲಿಸಲಿಲ್ಲ, ಈ ವಯಸ್ಸಿನಲ್ಲಿ ಕಲಿತರೆ ನಾಟಕದ ಹಾಗೆ ಕಾಣುತ್ತದೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು, ಕೊಡದಿದ್ದರೂ ನಾನು ತಪ್ಪೆನ್ನುವುದಿಲ್ಲ. ಮುಂದಿನ ವರ್ಷದಿಂದ ಜೋಳದ ದಿನ ನಮ್ಮ ಮನೆಯಲ್ಲಿ ಇಲ್ಲವೆಂದು ಸಂಘದವರಿಗೆ ತಿಳಿಸಿದ್ದೇನೆ. ಸಂಸಾರ ಹೇಗಿರಬೇಕೆಂದು ಬೇರೆ ದೇಶದ ಮಕ್ಕಳಿಗೆ ಹೇಳಿಕೊಡುವಷ್ಟು ನನಗೆ ತಿಳಿದಿಲ್ಲ. ಕಾರಣ ಕೇಳಿದರು, ವಯಸ್ಸು ಎಂದೆ. ನೋಡು, ಇನ್ನೂ ಒಂದು ಸುಳ್ಳು. ಅವರಿಗೂ ನಿಜ ಹೇಳುತ್ತೇನೆ, ಒಂದೊಂದಾಗಿ.

ಕಂಬಳಿ ಹೊದೆದುಕೊಂಡು ಮಲಗು. ಬೇಕರಿಯ ಒಡತಿ ಒಳ್ಳೆಯವಳೆಂದು ಹಿಲ್ಲಾ ಹೇಳುತ್ತಾಳೆ, ಅವಳಿಗೆ ನನ್ನ ನಮಸ್ಕಾರ ಹೇಳು. ಐದು ಗಂಟೆಗೆ ಕೆಲಸ ಬಿಡು. ದೇವರು ನಿನ್ನ ನಿದ್ದೆಯನ್ನೂ ಉಸಿರನ್ನೂ ಕಾಯಲಿ. ಈ ಸಲ ತಲೆಯೆತ್ತಿ ಹರಸುತ್ತಿದ್ದೇನೆ.

ನಿನ್ನ ಜ್ಞಾನತಾಯಿ,
ಎರ್ಸೀಲಿಯಾ

ಮರೆತ ಮಾತು: ಸೋಮವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ಏಳೂವರೆಗೆ ಅನಾಪೊಲಿಸ್‌ನ ಬಸ್ಸು, ಹಿಲ್ಲಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ತಾಯಿ ಬದುಕಿದ್ದಾಳೆ. ಇತಾಪುರಂಗಾದಲ್ಲಿ ಶನಿವಾರದ ಸಂತೆಗೆ ಮರಗೆಣಸಿನ ಹಿಟ್ಟು ಮಾರುತ್ತಾಳೆ. ಇಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಹುಡುಕುವ ಕಷ್ಟವಿರಲಿಲ್ಲ, ಅವಳು ಎಲ್ಲಿದ್ದಾಳೆ ಎಂದು ಇಷ್ಟು ವರ್ಷವೂ ನನಗೆ ಗೊತ್ತಿತ್ತು. ಗುರುವಾರ ಹಬ್ಬದ ರಜೆಯಲ್ಲಿ ಹಿಲ್ಲಾಳನ್ನು ಕರೆದುಕೊಂಡು ಹೋಗಿ, ಅವಳ ಮನೆಯ ಮುಂದೆ ನಿಂತೇ ಎಲ್ಲವನ್ನೂ ಹೇಳಿದೆ. ಜೊವೀತಾ ಕೈಗಂಟಿದ್ದ ಹಿಟ್ಟನ್ನು ಒರೆಸಿಕೊಂಡಳು. ಆಮೇಲೆ, 'ಹಂಗಾದ್ರೆ ಅವಳು ಅಳಲಿಲ್ವಾ?' ಎಂದು ಕೇಳಿದಳು. ಅಷ್ಟೇ. ಶನಿವಾರ ಸಂತೆ ಬಿಟ್ಟು ಇಲ್ಲಿಗೆ ಬಂದಳು. ಚೆನ್ನಾದ ಕೋಣೆ ಕೊಟ್ಟೆ, ಬೇಡವೆಂದು ನಿನ್ನ ಕೋಣೆಯಲ್ಲೇ ಎರಡು ರಾತ್ರಿ ಮಲಗಿದಳು. ಈ ಇಡೀ ಕಾಗದವನ್ನು ಈಗಷ್ಟೇ ಅವಳಿಗೆ ಓದಿ ಹೇಳಿದೆ, ಒಂದು ಸಾಲನ್ನೂ ಬಿಡಲಿಲ್ಲ. 'ಮೊದ್ಲು ಅವಳು ಓದ್ಲಿ' ಎಂದಳು. 'ನಾನು ಬಂದಿದ್ದೆ ಅಂತ ತಿಳ್ಕೊಂಡ ಮ್ಯಾಲೆ ನೋಡ್ಬೇಕು ಅನ್ನಿಸಿದ್ರೆ ನೋಡ್ಲಿ. ಅನ್ನಿಸ್ದಿದ್ರೆ ನಾನು ಹಂಗೇ ಎದ್ದೋಯ್ತೀನಿ.' ಅದಕ್ಕೇ ಕಾಗದವನ್ನು ಹಿಲ್ಲಾ ಒಬ್ಬಳೇ ಒಳಗೆ ತಂದು ನಿನಗೆ ಕೊಟ್ಟಿದ್ದಾಳೆ. ನಾನು ಬರುತ್ತಿಲ್ಲ, ಇಬ್ಬರಿಗೆ ಮಾತ್ರ ಟಿಕೆಟ್ ತೆಗೆದು ಕಳುಹಿಸಿದ್ದೇನೆ. ಬೇಕರಿಯ ಎದುರಿಗೆ ಚೌಕ ಇದೆಯಂತೆ, ಅಲ್ಲಿ ಕಲ್ಲಿನ ಬೆಂಚು. ನೀನು ಇದನ್ನು ಓದುತ್ತಿರುವಷ್ಟು ಹೊತ್ತೂ ನಿನ್ನ ತಾಯಿ ಅದರ ಮೇಲೆ ಕೂತಿದ್ದಾಳೆ. ಎದ್ದು ಹೋಗು, ದಿವೀನಾ.